ಏಳನೆಯ ಪಾಯಿಂಟಿನಲ್ಲಿ ಕೈಜಾರಿದ ಹಗ್ಗ

ಕೆಂಗಲಗಟ್ಟಿ,
ಫೆಬ್ರವರಿ 37, 2174

ನನ್ನ ಮುತ್ತಜ್ಜಿಯ ಅಜ್ಜಿಯಾದ, ಆದರೆ ಸದ್ಯಕ್ಕೆ ಇಪ್ಪತ್ತೆರಡೇ ವರ್ಷದ ಕುಮಾರಿ ವಿನುತಾ ಕಡಕೋಳ ಅವರ ಸನ್ನಿಧಿಗೆ,

ಮೇಲಿನ ತಾರೀಕು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದು ನೀವು ತೀರ್ಮಾನಿಸುವ ಮೊದಲು ಒಂದು ವಿವರಣೆ ಕೊಡುತ್ತೇನೆ. ನಮ್ಮ ಕಾಲದ ಮೇ ತಿಂಗಳನ್ನು ಮನುಷ್ಯರು ತಾಳಿಕೊಳ್ಳುವುದು ಸಾಧ್ಯವಿಲ್ಲವೆಂದು ಮನಗಂಡ ಸರ್ಕಾರ, ಆ ತಿಂಗಳಿಂದ ಹತ್ತು ದಿನ ಕಿತ್ತು ಫೆಬ್ರವರಿಗೆ ಜೋಡಿಸಿತು. ಸೆಕೆ ಒಂದು ಡಿಗ್ರಿಯೂ ಇಳಿಯಲಿಲ್ಲ, ಆದರೆ ಆದೇಶ ಮಾತ್ರ ಸಕಾಲಕ್ಕೆ ಹೊರಟಿತು. ಈ ಆಡಳಿತ ಪದ್ಧತಿಯನ್ನು ನಾವು ನಿಮ್ಮ ಕಾಲದಿಂದಲೇ ಕಲಿತೆವು ಎಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ಹೊಸವು ಅನ್ನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಿಮ್ಮನ್ನು ಅಜ್ಜಿ ಎಂದು ಕರೆಯುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಈಗಷ್ಟೇ ಕೂದಲು ನೇರ ಮಾಡಿಸಿಕೊಂಡು ಬಸ್ ಹತ್ತಿರುವ ಹುಡುಗಿಗೆ ಅಜ್ಜಿ ಅಂದರೆ ಮೈ ಉರಿಯುತ್ತದೆ. ಉರಿಯಲಿ. ಈ ಪತ್ರ ಬರೆಯುತ್ತಿರುವ ಕಾರಣಗಳಲ್ಲಿ ಅದೂ ಒಂದು.

ನನ್ನ ಹೆಸರು ಒರತೆ. ನಮ್ಮಲ್ಲಿ ಮಕ್ಕಳಿಗೆ ಕಳೆದುಹೋದ ವಸ್ತುಗಳ ಹೆಸರು ಇಡುವುದು ವಾಡಿಕೆ. ನನ್ನ ಅಣ್ಣನ ಹೆಸರು ಹುಣಸೆ. ಹುಣಸೆ ಅಂದರೆ ಏನೆಂದು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ, ಹುಳಿಯಾಗಿತ್ತಂತೆ ಎಂದಷ್ಟೇ ಕೇಳಿದ್ದೇವೆ. ಅಣ್ಣನ ಸ್ವಭಾವಕ್ಕೆ ಹೊಂದುತ್ತದೆ. ನಾನು ಕೆಂಗಲಗಟ್ಟಿ ವಿಶ್ವವಿದ್ಯಾಲಯದಲ್ಲಿ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಓದುತ್ತಿದ್ದೇನೆ. ಹೌದು, ನೀವು ಓದುತ್ತಿರುವ ಅದೇ ವಿಭಾಗ, ಅದೇ ಊರು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ರಕ್ತಸಂಬಂಧಿಕರಿಗೆ ಮಾತ್ರ ತಲುಪುತ್ತದೆ, ನಾವಿಲ್ಲಿ ಬರೆಯುತ್ತಿದ್ದ ಹಾಗೆ ಅಲ್ಲಿ ಖಾಲಿ ಕಾಗದದ ಮೇಲೆ ಮಾತ್ರ ಮೂಡುತ್ತದೆ. ಆದ್ದರಿಂದ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನ ಕೊನೆಯ ಖಾಲಿ ಹಾಳೆಗಳಲ್ಲಿ ಇದನ್ನು ಓದುತ್ತಿದ್ದೀರಿ. ಬೆಳಗಿನ ಒಂಬತ್ತೂವರೆ, ಹಿರೇಕೆರೆಯ ಕಡೆಗೆ ಹೊರಟ ಬಸ್ಸು, ಎಡಗಡೆಯ ಮೂರನೆಯ ಸೀಟು. ಇನ್ನೊಂದು ಗಂಟೆಯಲ್ಲಿ ನೀವು ಒಂದು ತಪ್ಪು ಮಾಡಲಿದ್ದೀರಿ. ಇನ್ನೂ ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಅನ್ಯಾಯ ಅನ್ನಿಸಬಹುದು. ನಾವು ಮಾಡದ ತಪ್ಪಿಗೆ ಹುಟ್ಟಿದಾಗಿನಿಂದ ಬಾಯಾರಿಕೊಂಡಿದ್ದೇವೆ. ಹೋಲಿಸಿ ನೋಡಿಕೊಳ್ಳಿ.

ಮೊದಲು ನಮ್ಮ ವಿದ್ಯಾಭ್ಯಾಸದ ವೈಭವ ಹೇಳುತ್ತೇನೆ. ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಬೇವಿನ ಮರವಿದೆ. ಅದರ ಕೆಳಗೆ ಕೂರುವುದಕ್ಕೆ ನೆರಳುಪಾಳಿ ಇದೆ. ತಲೆಗೆ ವಾರಕ್ಕೆ ಹನ್ನೆರಡು ನಿಮಿಷ, ಕುಲಪತಿಗಳಿಗೆ ಹದಿನೈದು. ತರಗತಿಯ ಗೋಡೆಗಳ ಬುಡದಲ್ಲಿ ಬೆವರುತೊಟ್ಟಿ ಎಂಬ ಸಾಧನವಿದೆ. ಪಾಠ ಕೇಳುವಾಗ ನಾವು ಬಿಡುವ ಉಸಿರು, ಸುರಿಸುವ ಬೆವರು ಎಲ್ಲ ಅದರಲ್ಲಿ ತಂಪಾಗಿ ನೀರಾಗುತ್ತದೆ. ಪಾಠ ಬೇಸರವಾಗಿ ಎಲ್ಲರೂ ಆಕಳಿಸಿದ ದಿನ ಒಂದು ಲೋಟ ಹೆಚ್ಚು ಸಿಗುವುದರಿಂದ ಸಪ್ಪೆಯಾಗಿ ಪಾಠ ಮಾಡುವ ಮೇಷ್ಟ್ರುಗಳಿಗೆ ನಮ್ಮಲ್ಲಿ ಬಹಳ ಮರ್ಯಾದೆ. ಮೊದಲ ಸೆಮಿಸ್ಟರಿನಲ್ಲಿ ನಾವು ನಿಮ್ಮ ಕಾಲದ ಒಂದು ಜಲಸಂರಕ್ಷಣಾ ವಿಚಾರಸಂಕಿರಣವನ್ನು ಓದುತ್ತೇವೆ. ನೂರ ಎಪ್ಪತ್ತು ಮಂದಿ, ನೂರ ಎಪ್ಪತ್ತು ನೀರಿನ ಬಾಟಲಿ, ಪ್ರತಿಯೊಬ್ಬರೂ ಅರ್ಧ ಕುಡಿದು ಅರ್ಧ ಕುರ್ಚಿಯ ಕೆಳಗೆ ಬಿಟ್ಟು ಎದ್ದುಹೋದ ಆ ಕಾರ್ಯಕ್ರಮದ ಫೋಟೋ ನಮ್ಮ ಪಠ್ಯದಲ್ಲಿದೆ. ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿರುವ ಹುಡುಗಿ ಯಾರೆಂದು ನನ್ನ ಸಹಪಾಠಿಗಳು ಮೊದಲ ದಿನವೇ ಗುರುತು ಹಿಡಿದರು. ಮೂಗು ನನ್ನದೇ.

ಇನ್ನು ವಂಶಬ್ಯಾಕಿನ ವಿಷಯ. ನಿಮ್ಮಲ್ಲಿ ವಿದ್ಯಾರ್ಥಿ ಫೇಲಾದರೆ ಆ ಪೇಪರು ಬ್ಯಾಕ್ ಉಳಿಯುತ್ತಿತ್ತು, ಅವನೇ ಮತ್ತೆ ಬರೆಯುತ್ತಿದ್ದ. ನಮ್ಮಲ್ಲಿ ಕಾನೂನು ಸ್ವಲ್ಪ ಉದ್ದ. ಸಂರಕ್ಷಣೆ ಓದಿದ ಪೂರ್ವಿಕರ ರೆಕಾರ್ಡುಗಳನ್ನೆಲ್ಲ ಮರುಮೌಲ್ಯಮಾಪನ ಮಾಡಲಾಗಿದೆ, ಫೇಲಾದವರ ಪೇಪರನ್ನು ಅವರ ವಂಶದವರು ಪಾಸು ಮಾಡಿಕೊಡಬೇಕು. ಪೂರ್ವಿಕರ ಹೆಸರಿನಲ್ಲೇ ವೈವಾಕ್ಕೆ ಕೂರಬೇಕು. ರೆಕಾರ್ಡುಗಳು ಹೇಗೆ ಉಳಿದವು ಎಂದು ಕೇಳಬೇಡಿ. ಫೋಟೋ, ವಿಡಿಯೊ ಬಿಟ್ಟರೆ ನಿಮ್ಮ ಕಾಲದಿಂದ ನಮ್ಮವರೆಗೆ ಬಂದದ್ದು ಎರಡೇ, ಪ್ಲಾಸ್ಟಿಕ್ಕು ಮತ್ತು ಪ್ಲಾಸ್ಟಿಕ್ ಹೊದಿಕೆ ಹಾಕಿದ ರೆಕಾರ್ಡು. ನಾನು ನಿಮ್ಮ ಹೆಸರಿನಲ್ಲಿ ಮೂರು ಸಲ ವೈವಾ ಕೊಟ್ಟಿದ್ದೇನೆ. ಮೂರೂ ಸಲ ಫೇಲಾಗಿದ್ದೀರಿ.

ಪರೀಕ್ಷಕಿ ಪ್ರೊಫೆಸರ್ ಹೊಂಗೆ ಮೇಡಂ. ಅವರು ನಿಮ್ಮ ರೆಕಾರ್ಡಿನ ನಲವತ್ತೊಂದನೆಯ ಪುಟ ತೆಗೆದು ಮೇಜಿನ ಮೇಲೆ ಇಟ್ಟರು. ‘ಹಿರೇಕೆರೆಯ ಆಳದ ಸಮೀಕ್ಷೆ.’ ಏಳು ಪಾಯಿಂಟು, ಏಳು ಅಳತೆ, ಮುತ್ತಿನಂಥ ಅಕ್ಷರ. ಏಳನೆಯದು ಕೆರೆಯ ನಡುಮಧ್ಯದ್ದು. ಆಳ ಮೂರು ಪಾಯಿಂಟ್ ನಾಲ್ಕು ಮೀಟರ್. ಪಕ್ಕದ ಷರಾ ಕಾಲಮ್ಮಿನಲ್ಲಿ ನಿಮ್ಮ ಕೈಬರಹ ಹೇಳುತ್ತದೆ: ‘ನಾಲ್ಕು ಮೀಟರಿನ ಬಿದಿರು ಇಲ್ಲಿ ತಳ ಮುಟ್ಟಲಿಲ್ಲ. ಗುಂಡು ಕಟ್ಟಿ ಹಗ್ಗ ಬಿಟ್ಟೆವು. ಹಗ್ಗ ಕೈಜಾರಿತು.’

ಮೇಡಂ ಕನ್ನಡಕ ಇಳಿಸಿ ನನ್ನನ್ನು, ಅಂದರೆ ನಿಮ್ಮನ್ನು, ನೋಡಿದರು. “ಅಲ್ಲವಾ ವಿನುತಾ, ನಾಕ್ ಮೀಟರ್ ಬಿದಿರು ತಳಾ ಮುಟ್ಟಲಿಲ್ಲ ಅಂತ ನೀನ ಬರದೀ. ಆಳ ಮೂರೂವರಿನೂ ಇಲ್ಲ ಅಂತನೂ ನೀನ ಬರದೀ. ಯಾಕ, ಬಿದಿರಿಗೆ ತಳಾ ಮುಟ್ಟಾಕ ನಾಚಿಗಿ ಬಂದಿತ್ತೇನು?” ಹಿಂದಿನ ಬೆಂಚಿನವರು ಕಿಸಕ್ಕೆಂದರು. ಮೇಡಂ ನಿಮ್ಮ ಬ್ಯಾಚಿನ ಉಳಿದ ಮೂವತ್ತು ರೆಕಾರ್ಡುಗಳನ್ನೂ ತೆರೆದು ಸಾಲಾಗಿ ಹರವಿದರು. ಎಲ್ಲದರಲ್ಲೂ ಮೂರು ಪಾಯಿಂಟ್ ನಾಲ್ಕು, ಎಲ್ಲದರಲ್ಲೂ ಹಗ್ಗ ಕೈಜಾರಿದೆ. “ಮೂವತ್ತೊಂದು ಮಂದಿ ಕೈಯಾಗಿಂದ ಒಂದ ಜಾಗಾದಾಗ ಹಗ್ಗ ಜಾರತೈತಿ ಅಂದ್ರ ಏನವಾ ಅರ್ಥ? ಮಿರ್ಚಿ ತಿಂದ ಕೈ ಯಾರೂ ತೊಳಕೊಂಡಿದ್ದಿಲ್ಲೇನು?” ನನಗೆ ಗೊತ್ತಿಲ್ರಿ ಮೇಡಂ ಅಂದೆ. ಆಗ ಅವರು ನಗಲಿಲ್ಲ. “ಗೊತ್ತಿಲ್ಲ ಅಂತ ಆಕಿನೂ ಬರೀಬೇಕಿತ್ತು. ಮೂರ್ ಪಾಯಿಂಟ್ ನಾಕು ಅಂತ ಯಾಕ ಬರದ್ಲು?”

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ವಿಭಾಗದ ಉಗ್ರಾಣದಲ್ಲಿ ಎರಡು ತಿಂಗಳು ಕೂತೆ. ಸಿಕ್ಕಿತು. 2005ರಲ್ಲಿ ಮಹದೇವ ಕುಂಚೂರ ಎಂಬ ವಿದ್ಯಾರ್ಥಿ ನಿಜವಾಗಿಯೂ ಕೆರೆಗೆ ಹೋಗಿ, ಹರಿಗೋಲು ಹತ್ತಿ, ಆರು ಕಡೆ ಬಿದಿರು ಊರಿ ಅಳೆದ. ಏಳನೆಯ ಕಡೆ ಬಿದಿರು ಮುಟ್ಟಲಿಲ್ಲ, ಹಗ್ಗ ಬಿಟ್ಟ, ನಿಜವಾಗಿಯೂ ಅವನ ಕೈಯಿಂದ ಹಗ್ಗ ಜಾರಿತು. ಆ ಪುಣ್ಯಾತ್ಮ ಅದನ್ನು ಇದ್ದ ಹಾಗೆ ಷರಾದಲ್ಲಿ ಬರೆದು, ಆಳದ ಕಾಲಮ್ಮನ್ನು ಖಾಲಿ ಬಿಟ್ಟ. ಮರುವರ್ಷದವರು ಅವನ ರೆಕಾರ್ಡು ಇಸಿದುಕೊಂಡು ನಕಲು ಮಾಡಿದರು. ಖಾಲಿ ಕಾಲಮ್ಮು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವಲ್ಲ, ಆರನೆಯದು ಮೂರು ಪಾಯಿಂಟ್ ಎರಡು ಇರುವಾಗ ಏಳನೆಯದು ಮೂರು ಪಾಯಿಂಟ್ ನಾಲ್ಕು ಇರಲಿ ಎಂದು ಯಾರೋ ದಾನಶೂರರು ತುಂಬಿದರು. ಷರಾವನ್ನೂ ಬಿಡದೆ ಇಳಿಸಿಕೊಂಡರು, ಏಕೆಂದರೆ ನಕಲು ಮಾಡುವವರು ಓದುವುದಿಲ್ಲ. ಅಲ್ಲಿಂದ ಇಪ್ಪತ್ತು ವರ್ಷ ಪ್ರತಿ ಬ್ಯಾಚಿನ ಪ್ರತಿ ಕೈಯಿಂದ ಅದೇ ಹಗ್ಗ ಅದೇ ಜಾಗದಲ್ಲಿ ಜಾರುತ್ತ ಬಂದಿದೆ. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಸಹಿಯೂ ಇದೆ. ಕುಂಚೂರನ ಫೋಟೋಕ್ಕೆ ನಮ್ಮ ವಿಭಾಗದಲ್ಲಿ ಹಾರ ಹಾಕುತ್ತೇವೆ. ಹಗ್ಗ ಜಾರಿಯೂ ನಮ್ಮ ಮರುಮೌಲ್ಯಮಾಪನದಲ್ಲಿ ಪಾಸಾದ ಏಕೈಕ ಮನುಷ್ಯ ಆತ.

ಈಗ ನಿಮ್ಮ ಇವತ್ತಿನ ದಿನಕ್ಕೆ ಬರುತ್ತೇನೆ. ನಿಮ್ಮ ಗೆಳತಿಯ ಮೊಬೈಲಿನ ನಾಲ್ಕು ನಿಮಿಷದ ವಿಡಿಯೊ ನಮ್ಮ ಬಳಿ ಇದೆ. ಇನ್ನು ಸ್ವಲ್ಪ ಹೊತ್ತಿಗೆ ಆಕೆ ಹಿಂದಿನ ಸೀಟಿನಿಂದ ಬಗ್ಗಿ, “ಏ ವಿನ್ನಿ, ಸೀನಿಯರ್ ರೆಕಾರ್ಡ್ ನೋಡ್ಕೊಂಡು ರೀಡಿಂಗ್ ಬರ್ಕೊಂಬಿಡು, ಅಲ್ಲಿ ಬಿಸಿಲಾಗ ಯಾರ ನಿಂದರತಾರ” ಅನ್ನುತ್ತಾಳೆ. ಬಸ್ಸು ಕೆರೆಯ ಏರಿಯ ಮೇಲೆ ನಿಲ್ಲುತ್ತದೆ. ಹೊಸ ಹಗ್ಗವೊಂದು ಕೈಯಿಂದ ಕೈಗೆ ಹೋಗುತ್ತದೆ, ಪ್ರತಿಯೊಬ್ಬರೂ ಅದನ್ನು ಹಿಡಿದು ನೀರಿನ ಕಡೆ ಗಂಭೀರವಾಗಿ ನೋಡುತ್ತ ಫೋಟೋ ತೆಗೆಸಿಕೊಳ್ಳುತ್ತೀರಿ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದ್ದೇನೆ. ಹಗ್ಗಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ನಿಮ್ಮ ಮೇಷ್ಟ್ರು ನಾಡಿಗೇರ ಸರ್ ಗಡಿಯಾರ ನೋಡಿಕೊಂಡು, “ಎಲ್ಲಾರ್ದೂ ಫೋಟೋ ಆತಿಲ್ಲೋ? ಆತು, ನಡ್ರಿ, ಊಟಾ ಆರತೈತಿ” ಅನ್ನುತ್ತಾರೆ. ಅಷ್ಟರಲ್ಲಿ ವಿಡಿಯೊದ ಬಲಗಡೆ ಒಬ್ಬ ಮುದುಕ ಕಾಣುತ್ತಾನೆ. ಮೀನು ಹಿಡಿಯುವ ಮೈಲಾರೆಪ್ಪ. ದಂಡೆಯಲ್ಲಿ ಹರಿಗೋಲು ಬೋರಲು ಹಾಕಿಕೊಂಡು ಕೂತವನು ಎದ್ದು ನಿಮ್ಮನ್ನೇ ಕರೆಯುತ್ತಾನೆ: “ಬಾ ತಂಗಿ, ನಡೂಕ ನಾ ಕರಕೊಂಡ ಹೊಕ್ಕೇನಿ. ಅಲ್ಲಿ ಭಾಳ ಆಳ ಐತಿ, ನಿಮ್ಮವರು ಯಾರೂ ಅಳದಽ ಇಲ್ಲ.” ನೀವು ನಗುತ್ತ ಹೇಳುವ ಉತ್ತರ ಸ್ಪಷ್ಟವಾಗಿ ಕೇಳಿಸುತ್ತದೆ: “ಬ್ಯಾಡ್ರಿ ಯಜ್ಜಾ, ಡ್ರೆಸ್ ತೋಯ್ತೈತಿ.”

ಹಳದಿ ಡ್ರೆಸ್ಸು, ಅಂಚಿಗೆ ಕನ್ನಡಿ ಕೆಲಸ. ಅಜ್ಜಿ, ನಮ್ಮೂರಲ್ಲಿ ಇವತ್ತಿಗೂ ಯಾರೂ ಹಳದಿ ಬಟ್ಟೆ ತೊಡುವುದಿಲ್ಲ.

ಆಮೇಲೆ ಏನಾಯಿತು ಎಂಬುದು ಪುಟ್ಟ ಕಥೆ. ಇಪ್ಪತ್ತು ವರ್ಷದ ರೆಕಾರ್ಡುಗಳಲ್ಲಿ ಅಳತೆ ಒಂದು ಸೆಂಟಿಮೀಟರೂ ಬದಲಾಗದ್ದನ್ನು ನೋಡಿದ ಒಂದು ಸಮಿತಿ, ಹಿರೇಕೆರೆಗೆ ಹೂಳೇ ಬರುವುದಿಲ್ಲ, ಇಂಥ ಆರೋಗ್ಯವಂತ ಕೆರೆಗೆ ಸಂರಕ್ಷಣೆಯ ಅಗತ್ಯವಿಲ್ಲ ಎಂದು ವರದಿ ಕೊಟ್ಟಿತು. ಅಗತ್ಯವಿಲ್ಲದ್ದರ ಮೇಲೆ ಮಣ್ಣು ಸುರಿಯಲು ಅಡ್ಡಿಯೇನು? ನಿಮ್ಮ ಈ ಸಮೀಕ್ಷೆಯ ಮರುವರ್ಷವೇ ಕೆರೆ ತುಂಬಿಸಿ ಅಲ್ಲಿ ಭವ್ಯವಾದ ಕಟ್ಟಡ ಎಬ್ಬಿಸಿದರು. ಹೆಸರು ‘ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಭವನ’. ಉದ್ಘಾಟನೆಯ ದಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಪ್ರಾರ್ಥನೆ ಹಾಡಿದವರು ಯಾರೆಂದು ಹೇಳಿ ನಿಮ್ಮ ಮನಸ್ಸು ನೋಯಿಸುವುದಿಲ್ಲ. ನೀವೇ.

ನಾವು ಸುಮ್ಮನೆ ಕೂತಿಲ್ಲ. ಸೇಡು ತೀರಿಸಿಕೊಳ್ಳುವುದನ್ನು ನಮ್ಮಲ್ಲಿ ಒಂದು ಶಿಸ್ತಾಗಿ ಬೆಳೆಸಲಾಗಿದೆ. ಕೆಲಸಕ್ಕೆ ಹಿಂದೇಟು ಹಾಕುವವರನ್ನು ಊರಿನ ಸಣ್ಣ ಮಕ್ಕಳೂ “ಯಾಕೋ, ಡ್ರೆಸ್ ತೋಯ್ತೈತೇನು?” ಎಂದೇ ಹಂಗಿಸುತ್ತಾರೆ. ನಾನು ಬೆವರುತೊಟ್ಟಿ ತೊಳೆಯುವ ಸರದಿಗೆ ಒಂದು ದಿನ ತಪ್ಪಿಸಿಕೊಂಡೆ, ಅಣ್ಣ ಹುಣಸೆ ಒಂದು ವಾರ ನನ್ನನ್ನು ವಿನುತಾ ಅಂತಲೇ ಕೂಗಿದ. ಪರೀಕ್ಷೆಗೆ ಹೋಗುವವರು ಕುಂಚೂರನಿಗೆ ಕೈಮುಗಿದು, ಆಮೇಲೆ ನಿಮ್ಮ ಫೋಟೋದ ಕಡೆ ಬೆನ್ನು ತಿರುಗಿಸಿ ಐದು ಎಣಿಸಿ ಹೋಗುತ್ತಾರೆ. ಎಲ್ಲಕ್ಕಿಂತ ಮಿಗಿಲಾದದ್ದು ನಮ್ಮ ಮನೆಯ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನೇ ಇಡಬೇಕೆಂಬುದು ಶಾಸ್ತ್ರ. ನೀವು ಜಾಲತಾಣದಲ್ಲಿ ಹಾಕಿದ ಇನ್ನೂರಕ್ಕೂ ಹೆಚ್ಚು ಫೋಟೋಗಳಿಂದ ನಿಮಗೆ ಪ್ರಾಣವಾದದ್ದು ಪಾನಿಪೂರಿ ಎಂದು ನಾವು ನಿಸ್ಸಂದೇಹವಾಗಿ ಕಂಡುಕೊಂಡಿದ್ದೇವೆ. ಪ್ರತಿ ವರ್ಷ ಬಾಳೆ ಎಲೆಯ ಆಕಾರದ ತಗಡಿನ ಮೇಲೆ ನಿಮಗೆ ಆರು ಪೂರಿ ಇಡುತ್ತೇವೆ. ಗರಿಗರಿಯಾಗಿ, ಅಂದವಾಗಿ, ಒಂದೊಂದಕ್ಕೂ ತೂತು ಹೊಡೆದು. ಪಾನಿ ಇಡುವುದಿಲ್ಲ. ಅಮ್ಮ ಕೈಮುಗಿದು, “ತಗೋರಿ ವಿನುತಜ್ಜಿ, ಒಣಗಿದ್ದ ತಿನ್ರಿ, ಡ್ರೆಸ್ಸರೆ ತೋಯಂಗಿಲ್ಲ” ಅನ್ನುತ್ತಾಳೆ. ನಮ್ಮ ಮನೆಯಲ್ಲಿ ವರ್ಷದಲ್ಲಿ ಒಂದು ಸಲ ಎಲ್ಲರೂ ಹೊಟ್ಟೆ ತುಂಬ ನಗುವುದು ಆಗಲೇ.

ಈಗ ನಗು ಬಿಟ್ಟು ಹೇಳಬೇಕಾದ್ದು. ಭವನ ಬಿದ್ದುಹೋಗಿ ಬಹಳ ಕಾಲವಾಯಿತು. ಮೂರು ವರ್ಷದಿಂದ ಊರಿಗೆ ಊರೇ ಸೇರಿ ಹಿರೇಕೆರೆಯನ್ನು ಮತ್ತೆ ಅಗೆಯುತ್ತಿದ್ದೇವೆ. ಹಳೆಯ ಕೋಡಿಯ ಕಲ್ಲು ಇನ್ನೂ ನಿಂತಲ್ಲೇ ನಿಂತಿದೆ, ಅದರಿಂದ ಲೆಕ್ಕ ಹಿಡಿದು ಕುಂಚೂರನ ಆರು ಅಳತೆಯಂತೆ ಆರು ಕಡೆ ಅಗೆದದ್ದು ಸರಿಯಾಗಿ ಕೂತಿದೆ. ಉಳಿದದ್ದು ನಡುಮಧ್ಯ, ನಿಮ್ಮ ಏಳನೆಯ ಪಾಯಿಂಟು. ಕೆರೆಯ ತಳದಲ್ಲಿ ಹಳಬರು ತುಳಿದು ಕೂರಿಸಿದ ಜೇಡಿಮಣ್ಣಿನ ಪದರವಿದೆ, ನೀರು ಹಿಡಿದಿಡುವುದು ಅದೇ. ಅದಕ್ಕಿಂತ ಒಂದು ಗೇಣು ಹೆಚ್ಚು ಅಗೆದರೆ ಮಡಕೆಯ ತಳ ಒಡೆದ ಹಾಗೆ. ಕಡಿಮೆ ಅಗೆದರೆ ನಮ್ಮ ಬಿಸಿಲಿಗೆ ಮೂರು ತಿಂಗಳಲ್ಲಿ ನೀರು ಆರಿಹೋಗುತ್ತದೆ, ಬೇಸಿಗೆ ದಾಟಿಸುತ್ತಿದ್ದದ್ದು ಆ ನಡುವಿನ ಗುಂಡಿಯೇ. ನೀವು ತುಂಬಿದ ಮಣ್ಣು ಒಂದೂವರೆ ಶತಮಾನದಲ್ಲಿ ಜೇಡಿಯ ಬಣ್ಣಕ್ಕೇ ತಿರುಗಿರುವುದರಿಂದ ಸಲಿಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊರೆದು ನೋಡೋಣವೆಂದರೆ, ಮಡಕೆ ಗಟ್ಟಿ ಇದೆಯೇ ಎಂದು ಮೊಳೆ ಹೊಡೆದು ನೋಡಿದ ಹಾಗಾಗುತ್ತದೆ. ಪಕ್ಕದ ಊರಿನವರು ಅಂದಾಜಿನ ಮೇಲೆ ಅಗೆದರು. ನಾಲ್ಕು ವರ್ಷ ಕಾದು ಬಂದ ಮಳೆ ಒಂಬತ್ತು ದಿನದಲ್ಲಿ ಒಳಗಿಳಿದು ಹೋಯಿತು. ಆ ಊರಿಗೆ ಈಗ ಹೆಸರಿದೆ, ಜನ ಇಲ್ಲ.

ನಾಳೆ ಬೆಳಿಗ್ಗೆ, ಫೆಬ್ರವರಿ ಮೂವತ್ತೆಂಟರಂದು, ನಡುಮಧ್ಯ ಅಗೆಯುತ್ತಾರೆ. ದಾಖಲೆಯಲ್ಲಿ ಇದ್ದಷ್ಟೇ ಅಗೆಯಬೇಕೆಂದು ಆದೇಶವಿದೆ. ದಾಖಲೆಯಲ್ಲಿ ಇರುವುದು ನಿಮ್ಮ ಮೂರು ಪಾಯಿಂಟ್ ನಾಲ್ಕು. ಅದು ಸುಳ್ಳೆಂದು ನಿಮ್ಮ ಬಿದಿರೇ ಸಾಕ್ಷಿ ಹೇಳುತ್ತಿದೆ, ಆದರೆ ನಿಜ ಯಾವುದು, ಐದೋ, ಎಂಟೋ, ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷ ಕೆರೆ ಇರುವುದಿಲ್ಲ. ಆ ಆಳವನ್ನು ಅಳೆಯಬಹುದಾದ ಕಡೆಯ ಬ್ಯಾಚು ನಿಮ್ಮದು. ಕೆರೆ ತುಂಬಿಸುವುದನ್ನು ನಿಲ್ಲಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ, ನಿಮ್ಮ ಯೋಗ್ಯತೆ ನಮಗೆ ಗೊತ್ತು. ಕೇಳುವುದು ಒಂದೇ ಒಂದು ಸಂಖ್ಯೆ. ಬಸ್ಸಿನಿಂದ ಇಳಿದ ಮೇಲೆ ಫೋಟೋದ ಸಾಲಿನಲ್ಲಿ ನಿಲ್ಲಬೇಡಿ. ಆ ಹೊಸ ಹಗ್ಗದ ಚೀಟಿ ಕಿತ್ತು ಬಿಸಾಡಿ. ಮೈಲಾರೆಪ್ಪ ಕರೆದಾಗ ಹರಿಗೋಲು ಹತ್ತಿ. ಗುಂಡು ಹೂಳನ್ನು ಸೀಳಿಕೊಂಡು ಹೋಗಿ ಗಟ್ಟಿ ಜೇಡಿಗೆ ಬಡಿದಾಗ ಹಗ್ಗ ಒಂದು ಸಲ ಕೈಯಲ್ಲಿ ನಡುಗುತ್ತದಂತೆ, ಮೈಲಾರೆಪ್ಪನಿಗೆ ಅದು ಗೊತ್ತಿರುತ್ತದೆ, ಕೇಳಿ. ನೀರಿನ ಮಟ್ಟ ಕೋಡಿಯ ಕಲ್ಲಿಗಿಂತ ಎಷ್ಟು ಕೆಳಗಿದೆ ಎಂಬುದನ್ನೂ ನೋಡಿ ಕೂಡಿಸಿ. ನಲವತ್ತೊಂದನೆಯ ಪುಟ, ಏಳನೆಯ ಸಾಲು. ಹಗ್ಗ ನಿಜವಾಗಿಯೂ ಕೈಜಾರಿದರೆ ಹಾಗೆಂದೇ ಬರೆದು ಕಾಲಮ್ಮು ಖಾಲಿ ಬಿಡಿ. ಅಷ್ಟಾದರೂ ಮರ್ಯಾದೆ ಉಳಿಯುತ್ತದೆ. ಆದರೆ ಜಾರಿಸಬೇಡಿ, ಅಜ್ಜಿ.

ನಿಮ್ಮ ರೆಕಾರ್ಡು ಇರುವ ಗಾಜಿನ ಪೆಟ್ಟಿಗೆಯ ಮುಂದೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಹೊಂಗೆ ಮೇಡಂ ತಮ್ಮ ಪಾಲಿನ ನೆರಳನ್ನು ಬಿಟ್ಟು ನನ್ನ ಪಕ್ಕ ಬಂದು ಕೂತಿದ್ದಾರೆ. ಇಬ್ಬರ ಕಣ್ಣೂ ಆ ಪುಟದ ಮೇಲಿದೆ.

ನಿಮ್ಮ ಮೂಗನ್ನು ಹೊತ್ತು ನಿಮ್ಮ ವೈವಾ ಕೊಡುತ್ತಿರುವ,
ಒರತೆ

ತಾ.ಕ.: ಸಹಿ ಹಾಕುವಷ್ಟರಲ್ಲಿ ಮೇಡಂ ನನ್ನ ತೋಳು ಚಿವುಟಿದರು. ಏಳನೆಯ ಸಾಲಿನ ಮೂರು ಪಾಯಿಂಟ್ ನಾಲ್ಕು ಮಸುಕಾಗುತ್ತಿದೆ. ಪುಟದ ಮೂಲೆ ಸುಕ್ಕುಗಟ್ಟಿದೆ, ಒದ್ದೆಯಾಗಿ ಒಣಗಿದ ಕಾಗದದ ಹಾಗೆ. ಹೊಸ ಸಂಖ್ಯೆ ಇನ್ನೂ ಕಾಣುತ್ತಿಲ್ಲ. ನೀವು ಈಗ ಕೆರೆಯ ನಡುವೆ ಹಗ್ಗ ಎಳೆಯುತ್ತಿದ್ದೀರೋ, ಅಥವಾ ಏರಿಯ ಮೇಲೆ ನಿಂತು ರೆಕಾರ್ಡಿನ ಮೇಲೆ ಪಾನಿಪೂರಿ ಚೆಲ್ಲಿಕೊಂಡಿದ್ದೀರೋ, ಇಲ್ಲಿಂದ ಹೇಳಲಾಗುವುದಿಲ್ಲ. ಮೊದಲನೆಯದಾಗಿದ್ದರೆ ಈ ಸಲದ ಎಡೆಗೆ ನನ್ನ ಪಾಲಿನ ಒಂದು ಲೋಟ ನೀರಿನಲ್ಲಿ ಪಾನಿ ಮಾಡಿ ಇಡುತ್ತೇನೆ. ಎರಡನೆಯದಾಗಿದ್ದರೆ, ಇನ್ನು ಮುಂದೆ ಪೂರಿಯೂ ಇಲ್ಲ.